‘ನಾವು’ ಹಡಗು ಹತ್ತಿದ ದಿನ

ಕಳೆದ ದೀಪಾವಳಿಯ ಹೊತ್ತಿಗೆ ಬೈಲಹೊಂಗಲದಿಂದ ಒಂದು ಹಸ್ತಪ್ರತಿ ಬಂತು. ಕಳಿಸಿದವರು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು. ಮದುವೆಯಾಗಿ ನಲವತ್ತು ವರ್ಷವಾದ ನೆಪಕ್ಕೆ ಮಗ ತಂದೆ-ತಾಯಿಗೆ ಮುಂಬಯಿಯಿಂದ ಹೊರಡುವ ವಿಹಾರನೌಕೆಯ ಟಿಕೆಟ್ಟು ತೆಗೆಸಿಕೊಟ್ಟಿದ್ದ. ಆ ಪ್ರವಾಸದ ಕಥನವೇ ಹಸ್ತಪ್ರತಿ. ಒಂದು ಮುನ್ನುಡಿ ಬೇಕೆಂದು ಕೇಳಿದ್ದರು. ಮೊದಲ ಅಧ್ಯಾಯದ ಹೆಸರು ‘ಹಡಗಿನಲ್ಲಿ ಮೊದಲ ದಿನ’. ಹನ್ನೊಂದು ಪುಟ. ಅದನ್ನು ಮೂರು ಸಲ ಓದಿದೆ, ಮುನ್ನುಡಿ ಬರೆಯಲಾಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಆ ದಂಪತಿಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು, ಹಾಕಿಲ್ಲ.

ಮಾಸ್ತರರ ಗದ್ಯ ಕೆಟ್ಟದ್ದಲ್ಲ. ವಾಕ್ಯ ಸ್ವಚ್ಛ, ಹಾಸ್ಯ ಹದವಾಗಿದೆ. ಬಂದರಿನ ಸರತಿ ಸಾಲು, ಚೀಲಕ್ಕೆ ಕಟ್ಟಿದ ಬಣ್ಣದ ಚೀಟಿ, ಬಾಗಿಲಿನ ಕೀಲಿಯೂ ದುಡ್ಡಿನ ಚೀಲವೂ ಆಗಿರುವ ಒಂದೇ ಪ್ಲಾಸ್ಟಿಕ್ ಕಾರ್ಡು, ಹನ್ನೊಂದು ಅಂತಸ್ತು, ಲಿಫ್ಟು, ರೊಟ್ಟಿ ಇಲ್ಲದ ಊಟದ ಸಾಲಿನಲ್ಲಿ ನಲವತ್ತು ಬಗೆಯ ತಿನಿಸು, ಸಂಜೆ ಹಿಂದೆ ಸರಿಯುವ ಮುಂಬಯಿಯ ದೀಪಗಳು, ರಾತ್ರಿ ಜಾದೂ ಪ್ರದರ್ಶನ. ಎಲ್ಲವೂ ಇದೆ. ಈಚಿನ ನಾಲ್ಕೈದು ವರ್ಷಗಳಲ್ಲಿ ಕನ್ನಡದಲ್ಲಿ ಬರುತ್ತಿರುವ ಹಡಗು ಪ್ರವಾಸದ ಬರಹಗಳನ್ನು ಓದಿದವರಿಗೆ ಈ ಪಟ್ಟಿ ಪರಿಚಿತ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆ ಹೊರಡತೊಡಗಿದ ಮೇಲೆ ಇಂಥ ಪ್ರವಾಸ ಪಾಸ್‌ಪೋರ್ಟಿಲ್ಲದ ಮಧ್ಯಮವರ್ಗಕ್ಕೂ ಎಟುಕಿತು. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಅಮೆರಿಕದ ಕಡಲುಗಳಲ್ಲಿ ಓಡಾಟ ಶುರುಮಾಡಿದ, 211 ಮೀಟರ್ ಉದ್ದದ ಫ್ರಾನ್ಸ್ ನಿರ್ಮಿತ ಹಡಗು ಅದು. 2021ರ ನವೆಂಬರಿನಲ್ಲೇ ನಮ್ಮ ಭಾಗ ‘ಮುಂಬಯಿ ಕರ್ನಾಟಕ’ ಎಂಬ ಹೆಸರು ಕಳಚಿ ‘ಕಿತ್ತೂರು ಕರ್ನಾಟಕ’ವಾಯಿತು. ಹೆಸರಿನಿಂದ ಮುಂಬಯಿ ಹೋಯಿತು, ನಮ್ಮ ದಂಪತಿಗಳು ಮುಂಬಯಿಗೆ ಹೋಗಿ ಹಡಗು ಹತ್ತಿದರು. ಮಾಸ್ತರರು ಈ ಕಾಕತಾಳೀಯವನ್ನು ಬರೆದಿಲ್ಲ. ಬರೆದಿದ್ದರೆ ಚೆನ್ನಾಗಿತ್ತು.

ನನ್ನ ಮೊದಲ ತಕರಾರು ಇದೇ ಆಗಿತ್ತು. ಈ ಹನ್ನೊಂದು ಪುಟಗಳನ್ನು ಬೈಲಹೊಂಗಲದವರು ಬರೆದರೆಂದು ಹೇಳುವ ಒಂದು ಗುರುತೂ ಇಲ್ಲ. ತುಮಕೂರಿನವರೂ ಬರೆಯಬಹುದಿತ್ತು, ಇಂದೋರಿನವರೂ ಬರೆಯಬಹುದಿತ್ತು. ಸಮುದ್ರವನ್ನು ದಿನಾ ಕಾಣುವವನ ಕಣ್ಣು ಬೇರೆ. ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ಹರಿಯುವ ಮಲಪ್ರಭೆಯ ದಂಡೆಯವನ ಕಣ್ಣು ಬೇರೆ. ನಮಗೆ ಸಮುದ್ರವೆಂದರೆ ಭಜನೆಯಲ್ಲಿ ದಾಟಬೇಕಾದ ಭವಸಾಗರ, ಅಂಬಿಗರ ಚೌಡಯ್ಯನ ದೋಣಿಯ ಆಚೆಯದು. ಅಥವಾ ಮಹದಾಯಿಯ ಗಲಾಟೆಯಲ್ಲಿ ಭಾಷಣಕಾರರು ಹೇಳುವ ಹಾಗೆ ನೀರು ಸುಮ್ಮನೆ ಹೋಗಿ ಬೀಳುವ ಜಾಗ. ಇಂಥ ಊರಿನವನೊಬ್ಬ ಕಣ್ಣಳತೆ ಮೀರಿದ ನೀರಿನ ನಡುವೆ ನಿಂತಾಗ ಏನನ್ನಿಸಿತು ಎಂದು ಹುಡುಕಿದೆ. ಸಿಗಲಿಲ್ಲ.

ಎರಡನೆಯ ತಕರಾರು ನಿಧಾನಕ್ಕೆ ಹೊಳೆಯಿತು. ಅಧ್ಯಾಯದ ತುಂಬ ‘ನಾವು’ ಇದೆ. ನಾವು ಹತ್ತಿದೆವು, ನಾವು ಬೆರಗಾದೆವು, ನಾವು ಹೊಟ್ಟೆ ತುಂಬ ಉಂಡೆವು. ಪೆನ್ಸಿಲ್ ಹಿಡಿದು ಎಣಿಸಿದೆ, ಅರವತ್ತನಾಲ್ಕು ಸಲ. ‘ನನ್ನ ಶ್ರೀಮತಿ’ ಬರುವುದು ಮೂರೇ ಸಲ. ಒಮ್ಮೆ ರಕ್ಷಣಾ ತಾಲೀಮಿನಲ್ಲಿ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಮುಖ ಸಣ್ಣದು ಮಾಡಿದಳು, ಎಲ್ಲರೂ ನಕ್ಕೆವು. ಒಮ್ಮೆ ಈಜುಕೊಳದಲ್ಲಿ ಜೋಡಿಗಳ ಜಲಕ್ರೀಡೆ ಕಂಡು ಮುಖ ತಿರುಗಿಸಿದಳು. ಕೊನೆಗೆ, ದಣಿದಿದ್ದರಿಂದ ರಾತ್ರಿ ಊಟಕ್ಕೆ ಬರದೆ ಕೋಣೆಯಲ್ಲೇ ಉಳಿದಳು. ಹಾಗಾದರೆ ರಾತ್ರಿಯ ಊಟವನ್ನು ‘ನಾವು’ ಉಂಡದ್ದು ಹೇಗೆ? ಜಾದೂ ಪ್ರದರ್ಶನಕ್ಕೆ ‘ನಾವು’ ಚಪ್ಪಾಳೆ ತಟ್ಟಿದ್ದು ಹೇಗೆ? ಇದನ್ನು ವ್ಯಾಕರಣದ ತಪ್ಪೆಂದು ತಿದ್ದಿ ಸುಮ್ಮನಾಗಬಹುದಿತ್ತು. ಆದರೆ ನಾನೇ ಕೆಲವು ವರ್ಷಗಳ ಹಿಂದೆ ಬರೆದಿದ್ದ ಹಂಪಿಯ ಲೇಖನವೊಂದನ್ನು ತೆಗೆದು ನೋಡಿದೆ. ಅಲ್ಲಿಯೂ ‘ನಾವು’. ಆ ದಿನ ನನ್ನ ಹೆಂಡತಿ ಕಾಲು ಉಳುಕಿಸಿಕೊಂಡು ಹೊಸಪೇಟೆಯ ವಸತಿಗೃಹದಲ್ಲಿ ಕೂತಿದ್ದಳು.

ನಮ್ಮ ಹಿಂದಿನ ಪ್ರವಾಸ ಕಥನಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಶೀರ್ಷಿಕೆಗಳನ್ನೇ ನೋಡಿ. ಬಿ.ಜಿ.ಎಲ್. ಸ್ವಾಮಿಯವರದು ‘ಅಮೆರಿಕದಲ್ಲಿ ನಾನು’. ಕೃಷ್ಣಾನಂದ ಕಾಮತರದು ‘ನಾನೂ ಅಮೆರಿಕೆಗೆ ಹೋಗಿದ್ದೆ’. ಎ.ಎನ್. ಮೂರ್ತಿರಾಯರದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ‘ಅಮೆರಿಕದಲ್ಲಿ ಗೊರೂರು’. ಎಲ್ಲವೂ ಏಕವಚನ. ನೋಡಿದವನು ಒಬ್ಬ, ಹೇಳುವವನೂ ಅವನೇ, ಅದನ್ನು ಮುಚ್ಚಿಟ್ಟಿಲ್ಲ. ನಮ್ಮ ಸೀಮೆಯ ಕಡಲ ಕವಿ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಓದಲು ಆಕ್ಸ್‌ಫರ್ಡಿಗೆ ಹೋದರು. ‘ಸಮುದ್ರ ಗೀತೆಗಳು’ ಕನ್ನಡಕ್ಕೆ ಬಂದವು. ಆ ಹಡಗು ಎಲ್ಲಿಗೋ ಮುಟ್ಟಿಸುವ ಹಡಗು. ಓದು, ನೌಕರಿ, ಕೀರ್ತಿ ಆಚೆ ದಂಡೆಯಲ್ಲಿರುತ್ತಿದ್ದವು. ಗಂಡಸು ಹೋಗುತ್ತಿದ್ದ, ಹೆಂಡತಿ ಊರಲ್ಲಿ ಕಾಗದ ಕಾಯುತ್ತಿದ್ದಳು.

ವಿಹಾರನೌಕೆಗೆ ಆಚೆ ದಂಡೆಯಿಲ್ಲ. ಮುಂಬಯಿಯಿಂದ ಹೊರಟು ಮುಂಬಯಿಗೇ ಬರುತ್ತದೆ. ತಲುಪುವ ಊರಿಲ್ಲದ ಪ್ರಯಾಣದಲ್ಲಿ ಉಳಿಯುವುದು ಎರಡೇ: ಸುತ್ತಲ ನೀರು, ಪಕ್ಕದಲ್ಲಿರುವ ಮನುಷ್ಯ. ನಲವತ್ತು ವರ್ಷ ಅಡುಗೆಮನೆ ಮತ್ತು ಶಾಲೆಯ ನಡುವೆ ಹಂಚಿಹೋಗಿದ್ದ ಇಬ್ಬರು ಮೊದಲ ಸಲ ಕೆಲಸವಿಲ್ಲದೆ, ನೆಂಟರಿಲ್ಲದೆ, ಹೊರಬಾಗಿಲಿಲ್ಲದ ಕಡೆ ಒಂದು ಇಡೀ ದಿನ ಜೊತೆಗಿರುತ್ತಾರೆ. ಮೊದಲ ದಿನದ ಬರಹದ ವಸ್ತು ನಿಜಕ್ಕೂ ಇದು. ಊಟದ ಪಟ್ಟಿ ಅದರ ನೆಪ.

ಈ ಪ್ರಕಾರದ ಮೂಲ ಹುಡುಕುತ್ತಾ ಹೋದರೆ ದಾರಿ ಕಿತ್ತೂರಿನ ಮೂಲಕವೇ ಹಾಯುತ್ತದೆ ಎಂಬುದು ನನಗೂ ಅನಿರೀಕ್ಷಿತವಾಗಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಹೆಸರು ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ಅವನನ್ನು ಬೀಳಿಸಿದ ಅಮಟೂರು ಬಾಳಪ್ಪನ ಹೆಸರು ಲಾವಣಿಗಳಲ್ಲಿದೆ. ಆ ಕಲೆಕ್ಟರನ ಅಣ್ಣನ ಮಗ, ಕಲ್ಕತ್ತೆಯಲ್ಲಿ 1811ರಲ್ಲಿ ಹುಟ್ಟಿದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ‘ವ್ಯಾನಿಟಿ ಫೇರ್’ ಬರೆದ ಇಂಗ್ಲಿಷ್ ಕಾದಂಬರಿಕಾರ. ಇಂಗ್ಲಿಷಿನಲ್ಲಿ ವಿಹಾರನೌಕೆಯ ಪ್ರವಾಸ ಕಥನಕ್ಕೆ ಮೇಲ್ಪಂಕ್ತಿ ಹಾಕಿದವನೂ ಅವನೇ. 1844ರಲ್ಲಿ ಪಿ ಆ್ಯಂಡ್ ಓ ಕಂಪನಿ ಅವನಿಗೆ ಮೆಡಿಟರೇನಿಯನ್ ಕಡಲ ಸುತ್ತಿಗೆ ಪುಕ್ಕಟೆ ಟಿಕೆಟ್ಟು ಕೊಟ್ಟಿತು. ಎರಡು ವರ್ಷದ ನಂತರ ‘ನೋಟ್ಸ್ ಆಫ್ ಎ ಜರ್ನಿ ಫ್ರಮ್ ಕಾರ್ನ್‌ಹಿಲ್ ಟು ಗ್ರ್ಯಾಂಡ್ ಕೈರೊ’ ಎಂಬ ಪುಸ್ತಕ ಬಂತು. ಹಡಗಿನ ಸಹಪ್ರಯಾಣಿಕರನ್ನು ನೋಡಿ ನಗುವುದು, ಊಟ, ದಡದ ಊರುಗಳಲ್ಲಿ ಗಡಿಬಿಡಿಯ ಸುತ್ತಾಟ, ನೋಡಬೇಕಾದ್ದನ್ನು ನೋಡಿ ಮುಗಿಸಿದ ಸುಸ್ತು. ಇಂದಿನ ಪ್ರತಿ ವಿಹಾರನೌಕೆ ಲೇಖನದ ಜಾಯಮಾನ ಅಲ್ಲಿದೆ. ನಮ್ಮ ಮಾಸ್ತರರು ಆ ಪುಸ್ತಕ ಓದಿಲ್ಲ, ಆದರೂ ಅವರ ಹಾಸ್ಯದ ಹಾದಿ ಅದೇ.

ಆ ಪುಸ್ತಕ ಮೊದಲ ದಿನವನ್ನು ಹೇಳುವುದೇ ಇಲ್ಲ. ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಕಡಲಬೇನೆಯಿಂದ ನರಳುತ್ತಿದ್ದ ಪ್ರಯಾಣಿಕರು ಕೋಣೆಗಳಿಂದ ಹೊರಬರುವಲ್ಲಿಂದ ಅದು ಶುರುವಾಗುತ್ತದೆ. ಅಲ್ಲಿ ಹೆಂಡತಿಯೂ ಇಲ್ಲ. ಯಾಕಿಲ್ಲ ಎಂಬುದು ಥ್ಯಾಕರೆಯ ಜೀವನಚರಿತ್ರೆ ಓದಿದವರಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ, 1840ರ ಸೆಪ್ಟೆಂಬರಿನಲ್ಲಿ, ಅವನೂ ಹೆಂಡತಿ ಇಸಬೆಲ್ಲಾಳೂ ಮಕ್ಕಳೊಂದಿಗೆ ಐರ್ಲೆಂಡಿನ ಕಾರ್ಕ್ ಊರಿಗೆ, ಅವಳ ತಾಯಿಯಿದ್ದಲ್ಲಿಗೆ, ಹಡಗಿನಲ್ಲಿ ಹೊರಟಿದ್ದರು. ಮೂರನೆಯ ಬಾಣಂತನದ ನಂತರ ಅವಳ ಮನಸ್ಸು ಮಂಕಾಗಿತ್ತು. ದಾರಿಯಲ್ಲಿ ಅವಳು ಸಮುದ್ರಕ್ಕೆ ಹಾರಿಕೊಂಡಳು. ಸುಮಾರು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲುತ್ತಿದ್ದವಳನ್ನು ಎತ್ತಿ ಉಳಿಸಿದರು. ಮರುರಾತ್ರಿ ಥ್ಯಾಕರೆ ಅವಳ ಸೊಂಟಕ್ಕೊಂದು ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ತನಗೆ ಕಟ್ಟಿಕೊಂಡು ಮಲಗಿದ. ಅವಳು ಅಲುಗಿದರೆ ತನಗೆ ಎಚ್ಚರವಾಗಲಿ ಎಂದು. ಇಸಬೆಲ್ಲಾ ಪೂರ್ತಿ ಗುಣವಾಗಲಿಲ್ಲ. ಬೇರೆಯವರ ಆರೈಕೆಯಲ್ಲಿ, ಗಂಡ ಸತ್ತ ಮೇಲೂ ಮೂವತ್ತು ವರ್ಷ ಬದುಕಿದಳು.

ಇದನ್ನೆಲ್ಲ ಅವನು ನಗುವಿನ ಪುಸ್ತಕದಲ್ಲಿ ಬರೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ದುಃಖವನ್ನು ಅಂಗಡಿಗಿಡದೆ ಇರುವುದೂ ಒಂದು ಮರ್ಯಾದೆ. ಅವನು ‘ನಾವು’ ಎಂದು ಸುಳ್ಳೂ ಬರೆಯಲಿಲ್ಲ. ಆದರೆ ವಿಹಾರನೌಕೆಯ ಕಥನಕ್ಕೆ ಅಚ್ಚು ಹಾಕಿದ ಪುಸ್ತಕದಲ್ಲಿ ಒಂಟಿ ಗಂಡಸೊಬ್ಬ ಸುತ್ತ ನೋಡಿ ನಗುತ್ತಿದ್ದಾನೆ, ಅವನ ದಾಂಪತ್ಯದ ಅತಿ ಕಷ್ಟದ ರಾತ್ರಿ ಹಡಗಿನಲ್ಲೇ ಕಳೆದಿತ್ತು. ಆ ಅಚ್ಚಿನೊಳಗೆ ಇಬ್ಬರನ್ನು ಕೂರಿಸಲು ಹೊರಟಾಗ ಎರಡನೆಯವರಿಗೆ ಜಾಗ ಸಿಗುವುದಿಲ್ಲ. ‘ನಾವು’ ಎಂಬ ಪದ ಆ ಕೊರತೆಯ ಮೇಲೆ ಹೊದಿಸಿದ ಬಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಬೈಲಹೊಂಗಲಕ್ಕೆ ಹೋದೆ. ಚೆನ್ನಮ್ಮನ ಸಮಾಧಿಯಿಂದ ಹೆಚ್ಚು ದೂರವಿಲ್ಲದ ಓಣಿಯಲ್ಲಿ ಮನೆ. ಅರವತ್ತನಾಲ್ಕು ‘ನಾವು’ಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಪ್ರತಿಯನ್ನು ಮಾಸ್ತರರ ಮುಂದಿಟ್ಟೆ. ಅವರು ಪುಟ ತಿರುವಿ, “ಹಂಗಂದ್ರ ಅಕಿ ಬಗ್ಗೆ ನಾ ಹೆಂಗ ಬರೀಲಿ? ಅಕಿ ಮನಸ್ಸಿನ್ಯಾಗ ಏನಿತ್ತಂತ ನನಗೇನ ಗೊತ್ತು?” ಎಂದರು. ನ್ಯಾಯವಾದ ಪ್ರಶ್ನೆ. ಚಹಾ ತಂದ ಅವರ ಹೆಂಡತಿ ಬಾಗಿಲ ಬಳಿ ನಿಂತಿದ್ದರು. “ಕೇಳಿದ್ರ ಗೊತ್ತಾಗ್ತಿತ್ತು” ಎಂದರು. ಸಿಟ್ಟಿನಿಂದಲ್ಲ, ಸಕ್ಕರೆ ಸಾಕೋ ಎಂದು ಕೇಳುವ ದನಿಯಲ್ಲಿ.

ಅವರು ಮೊದಲು ತಿದ್ದಿದ್ದು ಈಜುಕೊಳವನ್ನು. “ನಾ ಮುಖ ತಿರುಗಿಸಲಿಲ್ರೀ. ನೋಡ್ಕೋತ ನಿಂತಿದ್ದೆ. ಗಂಡ ಹೆಂಡತಿ ನೀರಾಗ ಆಡಾಕತ್ತಿದ್ರು, ಛಂದ ಕಾಣತಿತ್ತು.” ಮಾಸ್ತರರು ತಲೆ ತಗ್ಗಿಸಿದರು. ನನಗೆ ಸವದತ್ತಿಯ ಗುಡ್ಡ ನೆನಪಾಯಿತು. ರೇಣುಕೆ ದಿನಾ ಮರಳಿನ ಕೊಡ ಮಾಡಿ ನೀರು ತರುತ್ತಿದ್ದವಳು. ಒಂದು ದಿನ ಹೊಳೆಯಲ್ಲಿ ಗಂಧರ್ವರ ಜೋಡಿ ಆಡುವುದನ್ನು ನೋಡಿ ನಿಂತಳು. ಕೊಡ ನಿಲ್ಲಲಿಲ್ಲ. ಜಮದಗ್ನಿ ಅವಳ ತಲೆ ತೆಗೆಯಲು ಮಗನಿಗೆ ಹೇಳಿದ. ಯಲ್ಲಮ್ಮನಿಗೆ ಉಧೋ ಎನ್ನುವ ನಮ್ಮ ನಾಡಿನಲ್ಲಿ ಹೆಂಡತಿಯೊಬ್ಬಳು ನೀರಾಟ ನೋಡುತ್ತ ನಿಲ್ಲುವುದು ಸಣ್ಣ ವಿಷಯವಲ್ಲ. ಮಾಸ್ತರರು ಕೆಟ್ಟ ಮನಸ್ಸಿನಿಂದ ಬರೆಯಲಿಲ್ಲ, ಹೆಂಡತಿಯ ಮರ್ಯಾದೆ ಕಾಯಲೆಂದೇ ಅವಳ ಮುಖ ತಿರುಗಿಸಿದರು. ಆದರೆ ಅವಳು ಕಂಡದ್ದನ್ನು ಕಾಣಲಿಲ್ಲವೆಂದು ಬರೆದಂತಾಯಿತು. ಪ್ರವಾಸ ಕಥನದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಯಾವುದಿದೆ?

ಆಮೇಲೆ ಅವರು ಜಾಕೀಟಿನ ಮಾತು ತೆಗೆದರು. ಹಡಗಿನ ಮೊದಲ ದಿನದಲ್ಲಿ ಯಾರೂ ತಪ್ಪಿಸಿಕೊಳ್ಳಲಾಗದ ಕಲಾಪ ಅದೊಂದೇ. ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿಸಿದರೆ ಎಲ್ಲಿ ಸೇರಬೇಕು, ಜಾಕೀಟು ಹೇಗೆ ಕಟ್ಟಬೇಕು ಎಂದು ತೋರಿಸುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅಂದೇ ಹತ್ತಿದ್ದ ಪ್ರಯಾಣಿಕರಿಗೆ ಆ ತಾಲೀಮು ಇನ್ನೂ ಆಗಿರಲಿಲ್ಲ, ಏಕೆಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದರೆ ಸಾಕೆಂಬ ನಿಯಮವಿತ್ತು. ನಂತರ ನಿಯಮ ಬದಲಾಗಿ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯವಾಯಿತು. ನಮ್ಮ ಲೇಖಕರೆಲ್ಲ ಈ ತಾಲೀಮನ್ನು ತಮಾಷೆಯ ಪ್ರಸಂಗವಾಗಿ ಬರೆಯುತ್ತಾರೆ. ಮಾಸ್ತರರೂ ಬರೆದಿದ್ದರು. ಮುಖ ಸಣ್ಣದು ಮಾಡಿದಳು, ಎಲ್ಲರೂ ನಕ್ಕೆವು.

“ನಾ ಅದನ್ನ ಹಾಕ್ಕೊಂಡದ್ದು ಎರಡನೇ ಸಲ” ಎಂದರು ಅವರು.

ಅವರ ತವರು ರಾಮದುರ್ಗ. 2019ರ ಆಗಸ್ಟ್ 5ರಂದು ನಾಗರಪಂಚಮಿ. ಹಬ್ಬಕ್ಕೆ ತವರಿಗೆ ಹೋಗಿದ್ದರು. ಜೋಕಾಲಿ ಕಟ್ಟಿದ್ದರು, ಅಳ್ಳಿಟ್ಟು, ಉಂಡಿ ಆಗಿದ್ದವು. ಅದೇ ವಾರ ಮಲಪ್ರಭೆ ಏರಿತು. ಮೇಲೆ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಊರಿನ ತಗ್ಗಿನ ಓಣಿಗಳು ಮುಳುಗಿದವು. ರಬ್ಬರ್ ದೋಣಿಯಲ್ಲಿ ಬಂದವರು ಮೊದಲು ಮುದುಕಿ ತಾಯಿಗೆ, ಆಮೇಲೆ ಇವರಿಗೆ ಕಿತ್ತಳೆ ಬಣ್ಣದ ಜಾಕೀಟು ಹಾಕಿದರು. ತಾಯಿಯ ಜಾಕೀಟಿನ ಪಟ್ಟಿಯನ್ನು ಇವರು ಕೈಯಲ್ಲಿ ಸುತ್ತಿ ಹಿಡಿದುಕೊಂಡಿದ್ದರಂತೆ. ತಾಯಿ ಆ ಪ್ರವಾಹದಲ್ಲಿ ಉಳಿದರು, ಮುಂದಿನ ಬೇಸಿಗೆ ಕಾಣಲಿಲ್ಲ. ಹಡಗಿನ ಸಿಬ್ಬಂದಿಯ ಹುಡುಗಿ ನಗುತ್ತ ಪಟ್ಟಿ ಬಿಗಿಮಾಡಿದಾಗ ಇವರಿಗೆ ಆ ಹಳೆಯ ಕೆಸರಿನ ವಾಸನೆ ಬಂತು. ರಾತ್ರಿ ಊಟಕ್ಕೆ ಹೋಗಲಿಲ್ಲ. ದಣಿವಿನಿಂದಲ್ಲ. ಹಡಗು ಮೆಲ್ಲಗೆ ಓಲಾಡತೊಡಗಿದಾಗ ಮೊದಲು ಪಂಚಮಿಯ ಜೋಕಾಲಿ ನೆನಪಾಯಿತು, ಆಮೇಲೆ ಹೊಳೆ ನೆನಪಾಯಿತು. ಕಪಾಟಿನಿಂದ ಜಾಕೀಟು ತೆಗೆದು ಹಾಸಿಗೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತರು. “ಅಂಜಿಕಿ ಬಂದಿತ್ತು ಅಂತ ಬರೀಬ್ಯಾಡ್ರಿ. ಅಂಜಿಕಿ ಅಲ್ಲ ಅದು. ಅವ್ವ ನೋಡಬೇಕಿತ್ತು ಅನಸ್ತು. ಇಷ್ಟ ನೀರು, ಯಾರ ಮನೀನೂ ಮುಳುಗಿಸದ ನೀರು.”

ಯಾರ ಮನೆಯನ್ನೂ ಮುಳುಗಿಸದ ನೀರು. ನಾನು ಹನ್ನೊಂದು ಪುಟಗಳಲ್ಲಿ ಹುಡುಕಿ ಕಾಣದ ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲವೂ ಆ ಕಿಟಕಿಯ ಬಳಿ ಕೂತಿದ್ದವು. ನನ್ನ ಎರಡು ತಕರಾರುಗಳು ಒಂದೇ ಆಗಿದ್ದವು. ಬರಹದಲ್ಲಿ ಊರು ಇರಲಿಲ್ಲ, ಏಕೆಂದರೆ ಊರನ್ನು ಕಣ್ಣಲ್ಲಿಟ್ಟುಕೊಂಡು ಹಡಗು ಹತ್ತಿದವರು ಬರಹದಲ್ಲಿ ಇರಲಿಲ್ಲ. ಮಾಸ್ತರರ ಕಣ್ಣು ಹೊಸದನ್ನು ಎಣಿಸುತ್ತಿತ್ತು. ಅದೂ ಬೇಕು, ಎಣಿಸದಿದ್ದರೆ ಹನ್ನೊಂದು ಅಂತಸ್ತು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಆದರೆ ಸಮುದ್ರವನ್ನು ನಮ್ಮ ಕಡೆಯ ಮನುಷ್ಯರಂತೆ ನೋಡಿದವರು ಅವರ ಹೆಂಡತಿ.

ಹಾಗಾದರೆ ಏನು ಮಾಡಬೇಕು? ಆಕೆಯೇ ಬರೆಯಲಿ ಎಂದು ಹೇಳುವುದು ಸುಲಭ. ನಾನೂ ಹೇಳಿದೆ. “ನನಗ ಬರಿಯೂದು ಬ್ಯಾಸರ” ಎಂದರು. ಎಲ್ಲರೂ ಬರೆಯಲೇಬೇಕೆಂಬ ಒತ್ತಾಯವೂ ಬರೆಯುವವರ ಅಹಂಕಾರವೇ. ಗಂಡ ಹೆಂಡತಿಯ ಮನಸ್ಸಿನೊಳಗೆ ಹೊಕ್ಕು ಬರೆಯಲಿ ಎಂದರೆ ಈಜುಕೊಳದ ಬಳಿಯ ತಪ್ಪು ಮರಳಿ ಬರುತ್ತದೆ. ನಾನು ಸೂಚಿಸಿದ್ದು ಇಷ್ಟೇ: ‘ನಾವು’ ಎಂದು ಬರೆಯುವ ಮುಂಚೆ ಕೇಳಿ. ಹೌದೆಂದರೆ ಬರೆಯಿರಿ. ಅಲ್ಲವೆಂದರೆ ‘ನಾನು’ ಎಂದು ಬರೆಯಿರಿ, ಅವರು ಎಲ್ಲಿದ್ದರೆಂದು ಮುಂದಿನ ವಾಕ್ಯದಲ್ಲಿ ತಿಳಿಸಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಡಿ. ಬೇಡವೆಂದದ್ದನ್ನು ಬಿಡಿ. ನನಗೂ ಅವರು ಇನ್ನೊಂದು ಮಾತು ಹೇಳಿದರು, ಬರೆಯಬೇಡಿ ಎಂದರು. ಬರೆದಿಲ್ಲ.

ಮೊನ್ನೆ ತಿದ್ದಿದ ಅಧ್ಯಾಯ ಬಂದಿದೆ. ಹದಿನಾಲ್ಕು ಪುಟವಾಗಿದೆ. ಊಟದ ಪಟ್ಟಿ ಇನ್ನೂ ಉದ್ದವಾಗಿಯೇ ಇದೆ, ಜಾದೂಗಾರನೂ ಇದ್ದಾನೆ. ‘ನಾವು’ ಹತ್ತೊಂಬತ್ತಕ್ಕೆ ಇಳಿದಿದೆ. ಜಾಕೀಟಿನ ಪ್ರಸಂಗದಲ್ಲಿ ಈಗ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅವಳು ನಗಲಿಲ್ಲ, ಯಾಕೆಂದು ನಾನು ಆ ದಿನ ಕೇಳಲಿಲ್ಲ ಎಂದಿದೆ. ಅದರ ಕೆಳಗೆ ರಾಮದುರ್ಗದ ಎರಡು ಪುಟ, ಪೂರ್ತಿ ಆಕೆಯ ಮಾತಿನಲ್ಲಿ. ಈಜುಕೊಳದ ವಾಕ್ಯವನ್ನು ಅವರು ತೆಗೆದುಹಾಕಿದ್ದಾರೆ. ಅದನ್ನು ತೆಗೆಯುವುದು ಬೇಡ, ಆಕೆ ನೋಡಿದಳೆಂದೇ ಬರೆಯಿರಿ ಎಂದು ಫೋನ್ ಮಾಡಿ ಹೇಳಬೇಕು. ಮುನ್ನುಡಿಗೆ ಆಮೇಲೆ ಕೂರುತ್ತೇನೆ.